ನಡೆಯುವ ನಿಮಿಷಕ್ಕೇ ಸರಿಯಾಗಿ

ಅವಳು ಓಡಲು ಶುರು ಮಾಡಿದ್ದು ಮ್ಯಾರಥಾನಿನ ಆಸೆಯಿಂದಲ್ಲ. ದಿನಕ್ಕೆ ಒಂದು ಗಂಟೆಯಾದರೂ ತನ್ನನ್ನು ಯಾರೂ ಕರೆಯಬಾರದು ಎಂಬುದಷ್ಟೇ ಅವಳ ಆಸೆಯಾಗಿತ್ತು.

ಮನೆಯಲ್ಲಿ ಕರೆಯುವವರು ಮೂವರು. ಅತ್ತೆಗೆ ಕನ್ನಡಕ ಸಿಗುತ್ತಿರಲಿಲ್ಲ. ಮಗಳಿಗೆ ಕಾಲುಚೀಲದ ಜೋಡಿ ಸಿಗುತ್ತಿರಲಿಲ್ಲ. ಗಂಡನಿಗೆ ಎಲ್ಲವೂ ಸಿಗುತ್ತಿತ್ತು, ಆದರೆ ಸಿಕ್ಕಿತು ಎಂದು ಹೇಳುವುದಕ್ಕಾದರೂ ಅವಳನ್ನು ಕರೆಯಬೇಕಿತ್ತು. ಹತ್ತರಿಂದ ಆರರವರೆಗೆ ಅವಳು ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೂರುತ್ತಿದ್ದಳು. ದಂತವೈದ್ಯರು ಕಳಿಸುವ ಅಚ್ಚುಗಳಿಗೆ ಪ್ಲಾಸ್ಟರ್ ಹುಯ್ಯುವುದು, ಮೇಣದ ಮೇಲೆ ಒಂದೊಂದೇ ಹಲ್ಲು ಜೋಡಿಸುವುದು, ಕೊನೆಗೆ ಉಜ್ಜಿ ಹೊಳಪು ಕೊಡುವುದು ಅವಳ ಕೆಲಸ. ಅಲ್ಲೂ ಫೋನು ಬಿಡುತ್ತಿರಲಿಲ್ಲ. "ಮೇಡಂ, ಆ ಮೇಲಿನ ಸೆಟ್ ಎಲ್ಲಿಗೆ ಬಂತು?" ಎಂದು ಒಬ್ಬರು ಕೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರಿಗೆ ಕೆಳಗಿನ ಸೆಟ್ ಬೇಕಾಗುತ್ತಿತ್ತು.

ಹಾಗಾಗಿ ನಲವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ದಿನ ಬೆಳಿಗ್ಗೆ ಐದೂವರೆಗೆ ಎದ್ದು, ಫೋನನ್ನು ದಿಂಬಿನ ಕೆಳಗೇ ಬಿಟ್ಟು ಹೊರಗೆ ಹೋದಳು. ಮೊದಲು ನಡೆದಳು. ಆಮೇಲೆ ಸ್ವಲ್ಪ ಓಡಿದಳು. ಏಳೆಂಟು ತಿಂಗಳಲ್ಲಿ ಹತ್ತು ಕಿಲೋಮೀಟರ್ ಓಡುವ ಹಾಗಾದಳು. ಯಾರಿಗೂ ಹೇಳಲಿಲ್ಲ. ಆದರೆ ಒಂದು ಭಾನುವಾರ ಬಾಗಿಲು ತೆರೆದ ಗಂಡ, ಬೆವರಿಳಿಸಿಕೊಂಡು ನಿಂತಿದ್ದ ಅವಳನ್ನು ನೋಡಿ, "ಎಷ್ಟು ಓಡ್ದೆ?" ಎಂದು ಕೇಳಿದ. ಅವಳು ಬಾಯಿ ತಪ್ಪಿ ನಿಜ ಹೇಳಿಬಿಟ್ಟಳು. ಅಲ್ಲಿಗೆ ಆ ಒಂದು ಗಂಟೆಯ ಕಥೆ ಮುಗಿಯಿತು.

ಗಂಡ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಇಪ್ಪತ್ತು ವರ್ಷಗಳಿಂದ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಮಕ್ಕಳನ್ನು ಮೈದಾನ ಸುತ್ತಿಸುತ್ತಿದ್ದವನು. ಮಾರನೆಯ ದಿನವೇ ಫ್ರಿಜ್ಜಿನ ಬಾಗಿಲಿಗೆ ಒಂದು ದೊಡ್ಡ ಹಾಳೆ ಅಂಟಿಕೊಂಡಿತು. ಇಪ್ಪತ್ತನಾಲ್ಕು ವಾರದ ತರಬೇತಿ, ಕೆಂಪು ಶಾಯಿ, ಹಸಿರು ಶಾಯಿ. ಅವಳ ಹುಟ್ಟುಹಬ್ಬಕ್ಕೆ ಉಡುಗೊರೆಯೆಂದು ಮ್ಯಾರಥಾನಿಗೆ ಅವಳ ಹೆಸರನ್ನೂ ಬರೆಸಿ ಬಂದ. ಬಟ್ಟೆ ಕೊಡಿಸಿದ್ದರೆ ಅಂಗಡಿಗೆ ಹೋಗಿ ಬದಲಾಯಿಸಿಕೊಂಡಾದರೂ ಬರಬಹುದಿತ್ತು.

ಆಮೇಲೆ ಸ್ಕೂಟರ್ ಬಂತು. ಅವಳು ಓಡುವುದು, ಅವನು ಪಕ್ಕದಲ್ಲಿ ಸ್ಕೂಟರಿನಲ್ಲಿ ಬರುವುದು. ಓಟ ನಿಧಾನವಾದರೆ ಸೀಟಿ. ಕೈ ಜೋತುಬಿದ್ದರೆ ಸೀಟಿ. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು.

"ನಿಲ್ಲಬೇಡ! ಏನೇ ಆದ್ರೂ ನಿಲ್ಲಬೇಡ! ನಿಂತ್ರೆ ಹೋಯ್ತು!"

"ರೀ, ಜನ ಮಲಗಿದಾರೆ."

"ಮಾತಾಡಬೇಡ, ಉಸಿರು ಹೋಗುತ್ತೆ!"

ಹನ್ನೊಂದನೇ ವಾರ, ಹದಿನೆಂಟನೇ ಕಿಲೋಮೀಟರಿನಲ್ಲಿ ಅವಳ ಬಲಮಂಡಿ ಹಿಡಿದುಕೊಂಡಿತು. ಅವಳು ನಿಲ್ಲಲಿಲ್ಲ, ಸೀಟಿ ಬಿಡಲಿಲ್ಲ. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಕಾಲು ನೆಲಕ್ಕೆ ಊರಲಾಗದೆ ಫುಟ್‌ಪಾತಿನ ಕಟ್ಟೆಯ ಮೇಲೆ ಕುಸಿದು ಕುಳಿತಳು. ಐದು ವಾರ ಮಂಡಿಗೆ ಪಟ್ಟಿ ಕಟ್ಟಿಕೊಂಡು ಲ್ಯಾಬಿನ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು. ಆ ವರ್ಷದ ಮ್ಯಾರಥಾನ್ ಕೈತಪ್ಪಿತು. ಗಂಡ ಬೇಜಾರು ಮಾಡಿಕೊಂಡ, ನಿಜ. ಆದರೆ ಫ್ರಿಜ್ಜಿನ ಹಾಳೆಯ ಮುಂದೆ ನಿಂತು ಮಾಡಿಕೊಂಡ.

ಕ್ಲಿನಿಕ್ಕುಗಳಿಂದ ಲ್ಯಾಬಿಗೆ ಅಚ್ಚುಗಳನ್ನೂ, ಲ್ಯಾಬಿನಿಂದ ಕ್ಲಿನಿಕ್ಕುಗಳಿಗೆ ಸೆಟ್ಟುಗಳನ್ನೂ ಡಬ್ಬಿಗಳಲ್ಲಿ ಹೊತ್ತು ತಿರುಗುವ ಒಬ್ಬರಿದ್ದರು. ಅರವತ್ತಮೂರು ವರ್ಷದ ಸಣಕಲು ಮನುಷ್ಯ. ಎಲ್ಲರೂ ಅವರನ್ನು ಡಬ್ಬಿ ಮಾಮ ಎನ್ನುತ್ತಿದ್ದರು. ಅವಳು ಕುಂಟುವುದನ್ನು ನೋಡಿ ಎರಡು ದಿನ ಸುಮ್ಮನಿದ್ದರು, ಮೂರನೇ ದಿನ ಕೇಳಿದರು. ಅವಳು ಎಲ್ಲವನ್ನೂ ಹೇಳಿಕೊಂಡಳು.

"ನಾನು ಹನ್ನೊಂದು ಮ್ಯಾರಥಾನ್ ಓಡಿದೀನಿ," ಎಂದರು ಮಾಮ, ಡಬ್ಬಿಗಳಿಗೆ ರಬ್ಬರ್ ಬ್ಯಾಂಡ್ ಹಾಕುತ್ತ.

"ಹನ್ನೊಂದಾ? ನೀವಾ?"

"ಓಡಿದೀನಿ ಅಂದ್ರೆ, ನಾಲ್ಕು ನಿಮಿಷ ಓಡೋದು, ಒಂದು ನಿಮಿಷ ನಡೆಯೋದು. ಶುರುವಿಂದ ಕೊನೇವರೆಗೂ ಅದೇ."

"ಸುಸ್ತಾದಾಗ ನಡೆಯೋದಾ?"

"ಅಲ್ಲಮ್ಮ. ಸುಸ್ತಾದ ಮೇಲೆ ನಡೆದು ಏನು ಬಂತು?" ಮಾಮ ಅವಳ ಕೈಯಲ್ಲಿದ್ದ ಸೆಟ್ಟನ್ನೂ ಅದನ್ನು ಉಜ್ಜುವ ಚಕ್ರವನ್ನೂ ತೋರಿಸಿದರು. "ಅದನ್ನ ಒಂದೇ ಸಮ ಚಕ್ರಕ್ಕೆ ಒತ್ತಿ ಹಿಡೀತೀಯಾ? ಇಲ್ಲ. ಬಿಸಿ ಆಗೋ ಮುಂಚೆ ಎತ್ತುತೀಯ, ಮತ್ತೆ ಇಡ್ತೀಯ. ಬಿಸಿ ಆದ್ಮೇಲೆ ಎತ್ತಿದ್ರೆ ಏನಾಗುತ್ತೆ?"

"ಸೊಟ್ಟ ಆಗಿರುತ್ತೆ."

"ಅಷ್ಟೇ ನೋಡು," ಎಂದು ಮಾಮ ಡಬ್ಬಿ ಹೊತ್ತುಕೊಂಡು ಹೊರಟರು.

ಅವಳು ಮನೆಗೆ ಬಂದು ಗಂಡನಿಗೆ ಹೇಳಿದಳು. ಗಂಡ ನಕ್ಕ. ಸಿಟ್ಟು ಮಾಡಿಕೊಂಡಿದ್ದರೆ ಜಗಳವಾಡಬಹುದಿತ್ತು.

"ನಡೆಯೋದಾದ್ರೆ ಅದಕ್ಕೆ ನಂಬರ್ ಯಾಕೆ, ಮೆಡಲ್ ಯಾಕೆ? ತರಕಾರಿ ತರೋಕೆ ನಡ್ಕೊಂಡು ಹೋಗ್ತೀಯಲ್ಲ, ಅದಕ್ಕೂ ಒಂದು ಮೆಡಲ್ ಕೊಡ್ಸೋಣ ಬಿಡು."

ಅತ್ತೆ ಒಳಗಿನಿಂದ ತಮ್ಮ ಪಾಲಿನದನ್ನು ಸೇರಿಸಿದರು. "ಅರ್ಧ ಓಡೋದು, ಅರ್ಧ ನಡೆಯೋದು. ಅದರ ಬದಲು ಬಸ್ಸಿಗೆ ಹೋಗ್ಬಾರ್ದಾ?"

ಮುಂದಿನ ವರ್ಷದ ಮ್ಯಾರಥಾನಿಗೆ ಅವಳು ತಾನೇ ಹೆಸರು ಬರೆಸಿದಳು. ಮಗಳು ತನ್ನ ಹಳೆಯ ಕೈಗಡಿಯಾರ ಕೊಟ್ಟು, ನಾಲ್ಕು ನಿಮಿಷಕ್ಕೊಮ್ಮೆ, ಮತ್ತೆ ಒಂದು ನಿಮಿಷಕ್ಕೊಮ್ಮೆ ಕೂಗುವ ಹಾಗೆ ಮಾಡಿಕೊಟ್ಟಳು. ಮೊದಲ ದಿನವೇ ಸ್ಕೂಟರ್ ಹಿಂದೆ ಬಂತು. ಗಡಿಯಾರ ಕೂಗಿತು, ಅವಳು ನಡೆದಳು, ಸೀಟಿ ಮೊಳಗಿತು. ಮತ್ತೆ ಗಡಿಯಾರ ಕೂಗಿತು, ಅವಳು ಓಡಿದಳು. ನಾಲ್ಕು ನಿಮಿಷಕ್ಕೆ ಮತ್ತೆ ಗಡಿಯಾರ, ಮತ್ತೆ ಸೀಟಿ. ಐದನೇ ಸಲ ಅವಳು ನಡುರಸ್ತೆಯಲ್ಲಿ ನಿಂತು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡಳು.

"ಮನೆಗೆ ಹೋಗಿ."

"ನಿನ್ನ ಒಳ್ಳೇದಕ್ಕೇ…"

"ನನ್ನ ಒಳ್ಳೇದನ್ನ ಮನೇಲಿ ಕೂತ್ಕೊಂಡು ನೋಡಿ. ಆ ಸೀಟಿ ಇನ್ನೊಂದು ಸಲ ಊದಿದ್ರೆ ನಾನು ಓಡೋದನ್ನೇ ಬಿಡ್ತೀನಿ, ಆಮೇಲೆ ಫ್ರಿಜ್ ಮೇಲಿನ ಹಾಳೆ ನೋಡ್ಕೊಂಡು ನೀವೇ ಓಡಿ."

ಗಂಡ ಒಂದು ವಾರ ಮುಖ ಗಂಟು ಹಾಕಿಕೊಂಡು ಓಡಾಡಿದ. ಬೇಕಾದ್ದನ್ನು ಮಗಳ ಮೂಲಕ ಕೇಳಿದ. ಆಮೇಲೆ ಒಪ್ಪಂದವಾಯಿತು. ತರಬೇತಿಗೆ ಅವನು ಬರುವ ಹಾಗಿಲ್ಲ. ಓಟದ ದಿನ ಬರಬಹುದು, ದಾರಿಯಲ್ಲಿ ಅಲ್ಲಲ್ಲಿ ನಿಂತು ನೋಡಬಹುದು. ಸೀಟಿ ಮನೆಯಲ್ಲೇ.

ಗಂಡ ಹಿಂದೆ ಸರಿದರೂ ಊರಿತ್ತು. ಆ ಒಂದು ನಿಮಿಷ ಅವಳು ನಡೆಯುವುದನ್ನೇ ಕಾದಿದ್ದವರಂತೆ ಜನ ಎದುರಾಗುತ್ತಿದ್ದರು. ಹಾಲಿನ ವ್ಯಾನಿನವನು ತಲೆ ಹೊರಹಾಕಿ, "ಸುಸ್ತಾಯ್ತಾ ಅಕ್ಕಾ?" ಎನ್ನುವನು. ನಾಯಿ ಹಿಡಿದುಕೊಂಡು ಹೋಗುವ ಯಜಮಾನರು, "ಪರವಾಗಿಲ್ಲಮ್ಮ, ನಾಳೆ ಇನ್ನೂ ಸ್ವಲ್ಪ ದೂರ ಓಡ್ತೀಯ," ಎಂದು ಸಮಾಧಾನ ಹೇಳುವರು. ಆಗಲೇ ಹದಿನಾರು ಕಿಲೋಮೀಟರ್ ಓಡಿ ಬಂದವಳಿಗೆ ಈ ಸಮಾಧಾನ! ಅವಳು ಮೊದಮೊದಲು ನಿಂತು ವಿವರಿಸುತ್ತಿದ್ದಳು. ವಿವರಿಸಿ ಮುಗಿಸುವಷ್ಟರಲ್ಲಿ ನಿಮಿಷ ಕಳೆದುಹೋಗುತ್ತಿತ್ತು, ಯಜಮಾನರಿಗೆ ಅರ್ಥವೂ ಆಗುತ್ತಿರಲಿಲ್ಲ. ಕೊನೆಗೆ, "ಹೌದು, ಸುಸ್ತಾಯ್ತು," ಎಂದುಬಿಡುವುದನ್ನು ಕಲಿತಳು.

ನಿಜವಾಗಿ ಕಷ್ಟವಿದ್ದದ್ದು ಮೊದಲ ನಡಿಗೆಯಲ್ಲಿ. ಕಾಲು ಹಗುರವಾಗಿದೆ, ಮೈಯಲ್ಲಿ ಉತ್ಸಾಹವಿದೆ, ಆಗಲೇ ಗಡಿಯಾರ ಕೂಗಿ ನಡೆ ಎನ್ನುತ್ತದೆ. ಮೋಸ ಮಾಡುತ್ತಿದ್ದೇನೆ ಎನ್ನಿಸುತ್ತಿತ್ತು. ಒಂದು ಭಾನುವಾರ ಮೊದಲ ಆರು ನಡಿಗೆಗಳನ್ನು ಬಿಟ್ಟು ಓಡಿದಳು. ಇಪ್ಪತ್ತನಾಲ್ಕನೇ ಕಿಲೋಮೀಟರಿನಲ್ಲಿ ಕಾಲು ಸೀಸದಂತಾಗಿ, ಕಟ್ಟೆಯ ಮೇಲೆ ಕುಳಿತು, ಯಾರದೋ ಫೋನಿನಿಂದ ಮಗಳಿಗೆ ಬರಹೇಳಿದಳು. ಡಬ್ಬಿ ಮಾಮ ಅದನ್ನು ಕೇಳಿ ಬೈಯಲಿಲ್ಲ.

"ಮೊದಲನೇದು ಯಾವತ್ತೂ ಬಿಡಬೇಡ," ಎಂದರು. "ಕೊನೇ ಗಂಟೆ ಓಡ್ತೀಯಲ್ಲ, ಅದರ ಶಕ್ತೀನ ಮೊದಲನೇ ಗಂಟೇಲೇ ಉಳಿಸ್ಕೋಬೇಕು."

ಆಮೇಲೆ ಅವಳು ಬಿಡಲಿಲ್ಲ. ಇಪ್ಪತ್ತೆಂಟು ಓಡಿದಳು, ಮೂವತ್ತೆರಡು ಓಡಿದಳು. ಮಂಡಿ ಸುಮ್ಮನಿತ್ತು. ಪ್ರತಿ ಸಲವೂ ಮನೆಗೆ ಬಂದಾಗ ಗಂಡ ಪತ್ರಿಕೆಯ ಹಿಂದಿನಿಂದ ಕೇಳುತ್ತಿದ್ದ: "ಇವತ್ತೂ ನಡೆದ್ಯಾ?"

ಮ್ಯಾರಥಾನಿನ ದಿನ ಬೆಳಿಗ್ಗೆ ಆರಕ್ಕೆ ಎರಡು ಸಾವಿರ ಜನ ಒಟ್ಟಿಗೆ ಹೊರಟರು. ನಾಲ್ಕನೇ ನಿಮಿಷಕ್ಕೆ ಗಡಿಯಾರ ಕೂಗಿತು. ಅವಳು ರಸ್ತೆಯಂಚಿಗೆ ಸರಿದು ನಡೆಯತೊಡಗಿದಳು. ಹಿಂದಿನಿಂದ ಬಂದವರೆಲ್ಲ ತಿರುಗಿ ನೋಡಿದರು. ಒಬ್ಬ ತರುಣ ಬೆನ್ನು ತಟ್ಟಿ, "ಆಂಟಿ, ಈಗ ತಾನೇ ಶುರುವಾಯ್ತು!" ಎಂದ. ಮುಂದೆ, ಗುಂಪಿನ ಅಂಚಿನಲ್ಲಿ, ಡಬ್ಬಿ ಮಾಮನೂ ನಡೆಯುತ್ತಿರುವುದು ಕಂಡಿತು. ಅದೊಂದೇ ಧೈರ್ಯ.

ಏಳನೇ ಕಿಲೋಮೀಟರಿನ ತಿರುವಿನಲ್ಲಿ ಗಂಡ ನಿಂತಿದ್ದ. ಅವಳು ನಾಲ್ಕು ನಿಮಿಷ ಚೆನ್ನಾಗಿ ಓಡಿ ಬಂದಿದ್ದಳು. ತಿರುವಿಗೆ ಹತ್ತು ಹೆಜ್ಜೆ ಇರುವಾಗ ಗಡಿಯಾರ ಕೂಗಿತು.

"ಯಾಕೆ? ಏನಾಯ್ತು? ಏಳಕ್ಕೇ ಆಗೋಯ್ತಾ?"

"ಇದು ನನ್ನ ನಡೆಯೋ ನಿಮಿಷ ರೀ!"

"ಎಲ್ಲರೂ ಓಡ್ತಿದಾರೆ, ನೋಡು!"

ಹದಿನಾಲ್ಕರಲ್ಲಿ ಪೆಟ್ರೋಲ್ ಬಂಕಿನ ಮುಂದೆ ಸ್ಕೂಟರಿಗೆ ಒರಗಿ ನಿಂತಿದ್ದ. ಆಗಲೂ ಅವಳು ನಡೆಯುತ್ತಿದ್ದಳು. ಅವನು ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಇಪ್ಪತ್ತೊಂದರಲ್ಲಿ ಅವಳು ನಿಜವಾಗಿಯೂ ಓಡುತ್ತಿದ್ದಳು, ಆದರೆ ನೀರಿನ ಮೇಜಿನ ಹತ್ತಿರ ಲೋಟ ಎತ್ತಿಕೊಳ್ಳಲು ನಿಂತ ಗಳಿಗೆಗೆ ಸರಿಯಾಗಿ ಅವನ ಕಣ್ಣಿಗೆ ಬಿದ್ದಳು. ಇಪ್ಪತ್ತೊಂಬತ್ತರಲ್ಲಿ ಮತ್ತೆ ನಡಿಗೆ.

ಅವಳಿಗೆ ಅಳುವಂತಾಯಿತು. ಐದು ನಿಮಿಷದಲ್ಲಿ ನಾಲ್ಕು ನಿಮಿಷ ಓಡುತ್ತಿದ್ದಾಳೆ. ಈ ಮನುಷ್ಯ ಉಳಿದ ಆ ಒಂದು ನಿಮಿಷವನ್ನು ಹುಡುಕಿಕೊಂಡು ಊರೆಲ್ಲ ಸ್ಕೂಟರ್ ಓಡಿಸುತ್ತಿದ್ದಾನೆ! ಅವನ ಕಣ್ಣಲ್ಲಿ ಅವಳು ಬೆಳಿಗ್ಗೆ ಆರರಿಂದ ಬರೀ ನಡೆದೇ ಇಪ್ಪತ್ತೊಂಬತ್ತು ಕಿಲೋಮೀಟರ್ ಬಂದಿದ್ದಳು. ಇಷ್ಟು ಬೇಗ ಹೇಗೆ ಬಂದಳು ಎಂದು ಒಂದು ಸಲವಾದರೂ ಯೋಚಿಸಬೇಡವೇ?

ಮೂವತ್ತನಾಲ್ಕರಲ್ಲಿ ಬಿಸಿಲು ಏರಿತ್ತು. ಅಲ್ಲಲ್ಲಿ ಜನ ರಸ್ತೆಯಂಚಿನಲ್ಲಿ ಕುಳಿತು ಮೀನಖಂಡ ಹಿಸುಕಿಕೊಳ್ಳುತ್ತಿದ್ದರು. ಬೆನ್ನು ತಟ್ಟಿದ್ದ ತರುಣ ಒಂದು ಕಂಬ ತಬ್ಬಿಕೊಂಡು ನಿಂತಿದ್ದ. ಅವಳ ಗಡಿಯಾರ ಕೂಗಿತು, ಅವಳು ನಡೆಯತೊಡಗಿದಳು, ಎದುರಿಗೆ ಗಂಡ. ಈ ಸಲ ಅವನಿಂದ ತಡೆದುಕೊಳ್ಳಲಾಗಲಿಲ್ಲ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಹಗ್ಗ ದಾಟಿ, ಚಪ್ಪಲಿಗಾಲಲ್ಲೇ ಅವಳ ಪಕ್ಕಕ್ಕೆ ಬಂದುಬಿಟ್ಟ.

"ಬಾ, ಇನ್ನೆಂಟೇ ಇರೋದು. ನಾನು ಜೊತೇಲಿ ಓಡ್ತೀನಿ, ನಿನ್ನ ಎಳ್ಕೊಂಡು ಹೋಗ್ತೀನಿ."

"ರೀ, ಬೇಡ. ನಂಬರ್ ಇಲ್ದೆ ಬರೋ ಹಾಗಿಲ್ಲ."

"ಯಾರು ಕೇಳ್ತಾರೆ?"

ಗಡಿಯಾರ ಕೂಗಿತು. ಅವಳು ಓಡಿದಳು. ಅವನೂ ಓಡಿದ. ಮೊದಲ ನಿಮಿಷ, "ಭುಜ ಸಡಿಲ ಬಿಡು, ಮುಂದೆ ನೋಡು, ಹೆಜ್ಜೆ ಚಿಕ್ಕದಿಡು," ಎಂದ. ಎರಡನೇ ನಿಮಿಷ, "ಹೆಜ್ಜೆ," ಎಂದಷ್ಟೇ ಹೇಳಿದ. ಮೂರನೇ ನಿಮಿಷ ಏನೂ ಹೇಳಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಎಚ್ಚರವಿರುವಾಗ ಅವನು ಇಷ್ಟು ಹೊತ್ತು ಸುಮ್ಮನಿದ್ದದ್ದು ಅವಳಿಗೆ ನೆನಪಿರಲಿಲ್ಲ. ಮಕ್ಕಳನ್ನು ಓಡಿಸಿದ್ದನೇ ಹೊರತು ಅವನು ತಾನು ಓಡಿ ಎಷ್ಟು ವರ್ಷವಾಗಿತ್ತೋ. ಚಪ್ಪಲಿ ಪಟಪಟ ಬಡಿಯುತ್ತಿತ್ತು.

ಗಡಿಯಾರ ಕೂಗಿದಾಗ ಅವಳಿಗಿಂತ ಮುಂಚೆ ಅವನೇ ನಡೆಯತೊಡಗಿದ್ದ.

"ಇದು… ಒಂದೇ ನಿಮಿಷಾನಾ?"

"ಒಂದೇ."

"ಎರಡು ಮಾಡ್ಕೊಳ್ಳೋ ಹಾಗಿಲ್ವಾ?"

ಎರಡನೇ ಸುತ್ತಿನಲ್ಲಿ ಅವನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ. ಮೂರನೇ ಸುತ್ತಿನ ನಡಿಗೆಯಲ್ಲಿ, ಮೂವತ್ತಾರನೇ ಕಿಲೋಮೀಟರಿನ ಫಲಕದ ಹತ್ತಿರ, ಅವನು ಏದುಸಿರು ಬಿಡುತ್ತ ನೆಲ ನೋಡಿಕೊಂಡು ಹೇಳಿದ:

"ನಾನೂ ಒಂದ್ಸಲ ಓಡಿದ್ದೆ. ಮ್ಯಾರಥಾನು. ಮದುವೆಗೆ ಎರಡು ವರ್ಷ ಮುಂಚೆ."

"ಏನು?"

"ಮೂವತ್ತರಲ್ಲಿ ನಿಂತ್ಬಿಟ್ಟೆ. ನಿಂತ ಮೇಲೆ ಮತ್ತೆ ಓಡೋಕೆ ಆಗಲ್ಲ ಅನ್ನಿಸ್ತು. ಓಟ ಬಿಟ್ಟೋರನ್ನ ತರೋ ಗಾಡಿ ಹತ್ತಿ ಬಂದ್ಬಿಟ್ಟೆ. ಯಾರಿಗೂ ಹೇಳಿಲ್ಲ. ಅಮ್ಮನಿಗೂ."

ಅವಳು ಅವನ ಮುಖ ನೋಡಿದಳು. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಗುತ್ತಿತ್ತು.

"ಹದಿನೆಂಟು ವರ್ಷ ಆಯ್ತು ಮದುವೆ ಆಗಿ," ಎಂದಳು. "ಒಂದು ದಿನ ಊಟಕ್ಕೆ ಕೂತಾಗ ಹೇಳ್ಬಾರ್ದಿತ್ತಾ? ಮೂವತ್ತಾರನೇ ಕಿಲೋಮೀಟರೇ ಆಗ್ಬೇಕಿತ್ತಾ ನಿಮಗೆ ಇದನ್ನ ಹೇಳೋಕೆ?"

ಗಡಿಯಾರ ಕೂಗಿತು.

"ನನ್ನ ನಿಮಿಷ ಮುಗೀತು," ಎಂದು ಅವಳು ಓಡಿದಳು. ಅವನು ನಾಲ್ಕು ಹೆಜ್ಜೆ ಹಿಂದೆ ಬಂದ, ಆಮೇಲೆ ಬರಲಿಲ್ಲ. ಅವಳು ತಿರುಗಿ ನೋಡಿದಾಗ ಕಟ್ಟೆಯ ಮೇಲೆ ಕುಳಿತು ಅಂಗಾಲು ನೋಡಿಕೊಳ್ಳುತ್ತಿದ್ದ. ನಿಲ್ಲಬೇಕೇ ಎಂದು ಅರೆಗಳಿಗೆ ಅನ್ನಿಸಿತು. ನಿಲ್ಲಲಿಲ್ಲ.

ಮುಂದಿನ ಎರಡು ಕಿಲೋಮೀಟರ್ ಅವಳು ಸಿಟ್ಟಿನಿಂದಲೇ ಓಡಿದಳು. ಹಾಗಾದರೆ ಆ ಸೀಟಿ, ಆ ಹಾಳೆ, ಆ ಕೆಂಪು ಶಾಯಿ, ಎಲ್ಲ ಅದಕ್ಕೇ. ತಾನು ಒಂದು ದಿನ ನಿಂತದ್ದಕ್ಕೆ ಇಪ್ಪತ್ತು ವರ್ಷ ಶಾಲೆಯ ಮಕ್ಕಳನ್ನೆಲ್ಲ ನಿಲ್ಲದ ಹಾಗೆ ಓಡಿಸಿದ. ಅವಳ ಮಂಡಿಯನ್ನೂ ಆ ಲೆಕ್ಕಕ್ಕೇ ಸೇರಿಸಿದ. ಮೂವತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಸಿಟ್ಟು ಹಿಡಿದುಕೊಳ್ಳುವಷ್ಟೂ ತ್ರಾಣ ಉಳಿದಿರಲಿಲ್ಲ. ನಾಲ್ಕು ನಿಮಿಷ ಓಡುವುದು ಆಗಲಿಲ್ಲ. ಎರಡು ನಿಮಿಷ ಓಡಿ ಒಂದು ನಿಮಿಷ ನಡೆದಳು. ಇಪ್ಪತ್ತೊಂಬತ್ತೋ ಮೂವತ್ತೋ ವಯಸ್ಸಿನ ಒಬ್ಬ ಒಂಟಿ ಹುಡುಗ ಕೈಯಲ್ಲಿ ನೀರಿನ ಬಾಟಲಿ ಹಿಡಿದು ಗಾಡಿಯ ಕಡೆಗೆ ನಡೆಯುವುದು, ಯಾಕೋ, ಕಣ್ಣಿಗೆ ಕಟ್ಟಿತು. ಅದನ್ನು ತಳ್ಳಿ ಮತ್ತೆ ಎರಡು ನಿಮಿಷ ಓಡಿದಳು.

ಐದು ಗಂಟೆ ಮೂವತ್ತಾರು ನಿಮಿಷಕ್ಕೆ ಗೆರೆ ದಾಟಿದಳು. ಯಾರೋ ಕೊರಳಿಗೆ ಮೆಡಲ್ ಹಾಕಿದರು. ಡಬ್ಬಿ ಮಾಮ ಅವಳಿಗಿಂತ ಹನ್ನೆರಡು ನಿಮಿಷ ಮುಂಚೆ ಬಂದು ಶೂ ಬಿಚ್ಚಿ ಹುಲ್ಲಿನ ಮೇಲೆ ಕುಳಿತಿದ್ದರು.

"ಬಂದ್ಯಾ?" ಎಂದು ಅರ್ಧ ಬಾಳೆಹಣ್ಣು ಕೊಟ್ಟರು. "ಮೊದಲನೇದು ಬಿಡಲಿಲ್ಲ ತಾನೇ?"

"ಬಿಡಲಿಲ್ಲ ಮಾಮ."

ಅವಳು ಅವರ ಪಕ್ಕ ಕುಳಿತಳು, ಮತ್ತೆ ಏಳಲಾಗಲಿಲ್ಲ. ಮಾಮ ಹೊರಟುಹೋದರು. ಕಾಯಲು ಶುರು ಮಾಡಿ ಒಂದು ಗಂಟೆಯಾದ ಮೇಲೆ, ಕೆಲಸಗಾರರು ತಡೆಗಂಬಗಳನ್ನು ಎತ್ತಿ ಲಾರಿಗೆ ತುಂಬುತ್ತಿರುವಾಗ, ಗಂಡ ಬರಿಗಾಲಲ್ಲಿ ಕುಂಟುತ್ತ ಬಂದ. ಮುಖ ಕೆಂಪೇರಿತ್ತು. ಗೆರೆಯ ಹತ್ತಿರ ನಿಂತಿದ್ದ ಹುಡುಗಿ ನಂಬರ್ ಎಲ್ಲಿ ಎಂದು ಕೇಳಿದಳು, ಅವನು ಕೈ ಆಡಿಸಿ ದಾಟಿಕೊಂಡು ಬಂದ.

"ಪೂರ್ತಿ ಬಂದೆ," ಎಂದ, ಅವಳ ಪಕ್ಕ ಕುಸಿಯುತ್ತ. "ನಾಲ್ಕು ಓಡಿ ಒಂದು ನಡೆಯೋಕೆ ಆಗಲಿಲ್ಲ. ಒಂದು ಓಡಿ ನಾಲ್ಕು ನಡೆದೆ."

"ಸ್ಕೂಟರ್ ಎಲ್ಲಿ?"

ಅವನು ಬಂದ ದಾರಿಯ ಕಡೆ ತಿರುಗಿ ನೋಡಿದ. "ಮೂವತ್ತನಾಲ್ಕರಲ್ಲಿ."

"ಕೀಲಿ?"

ಜೇಬು ತಡವಿಕೊಂಡ. "ಅದ್ರಲ್ಲೇ."

ಅವಳು ಹುಲ್ಲಿನ ಮೇಲೆ ಮಲಗಿ ಮುಖ ಮುಚ್ಚಿಕೊಂಡಳು. ಮಗಳಿಗೆ ಫೋನು ಮಾಡಿದರು. ಮಗಳು ಗೆಳತಿಯ ಜೊತೆ ಹೋಗಿ ನೋಡಿದಾಗ, ಪುಣ್ಯಕ್ಕೆ ಸ್ಕೂಟರ್ ನಿಂತಲ್ಲೇ ನಿಂತಿತ್ತು. ಗಂಡ ಹೆಂಡತಿ ಬಸ್ಸಿನಲ್ಲಿ ಮನೆಗೆ ಹೊರಟರು. ಬಸ್ಸಿನ ಮೆಟ್ಟಿಲು ಹತ್ತುವಾಗ ಇಬ್ಬರೂ ಒಬ್ಬರನ್ನೊಬ್ಬರು ಎಳೆದುಕೊಂಡರು.

"ಸುಸ್ತಾಗಿದೆ ಅನ್ನೋಕೆ ನಾಚಿಕೆ ಆಗಿತ್ತು ಆವತ್ತು," ಎಂದ ಅವನು ಕಿಟಕಿಯ ಕಡೆ ನೋಡುತ್ತ. "ಗಾಡಿಯವರಿಗೆ ಕಾಲು ಉಳುಕಿದೆ ಅಂತ ಸುಳ್ಳು ಹೇಳ್ದೆ. ಸ್ವಲ್ಪ ನಡೆದು ಮತ್ತೆ ಓಡಬಹುದು ಅಂತ ಯಾರಾದ್ರೂ ಹೇಳಿದ್ರೆ…"

"ನಾನು ಹೇಳ್ದೆನಲ್ಲ. ಒಂದು ವರ್ಷದಿಂದ."

"ಆವತ್ತು ಯಾರೂ ಹೇಳಲಿಲ್ಲ ಅಂದೆ."

ಅವಳು ಇನ್ನೇನೋ ಬಿರುಸಾಗಿ ಹೇಳಬೇಕೆಂದಿದ್ದಳು. ಆದರೆ ಅವನ ಅಂಗಾಲಿನ ಬೊಬ್ಬೆ ನೋಡಿ, ತನ್ನ ಚೀಲದಲ್ಲಿದ್ದ ಪಟ್ಟಿ ತೆಗೆದುಕೊಟ್ಟಳು.

ಸೋಮವಾರ ಅವನು ಶಾಲೆಯಲ್ಲಿ, "ಕೊನೇ ಎಂಟು ಕಿಲೋಮೀಟರ್ ನಾನೇ ಎಳ್ಕೊಂಡು ಬಂದೆ," ಎಂದು ಹೇಳಿದನೆಂದು ಮಗಳ ಮೂಲಕ ತಿಳಿಯಿತು. ಎರಡು ಎಂದು ತಿದ್ದಲು ಅವಳು ಶಾಲೆಗೇ ಹೋಗುವವಳಿದ್ದಳು. ಅತ್ತೆ ತಡೆದರು.

ಮೂರು ವಾರದ ನಂತರ ಅವಳು ಮತ್ತೆ ಓಡಲು ಹೊರಟಳು. ಬಾಗಿಲ ಹೊರಗೆ ಗಂಡ ಹೊಸ ಶೂ ಕಟ್ಟಿಕೊಂಡು ನಿಂತಿದ್ದ. ಮಗಳ ಗಡಿಯಾರದಂಥದೇ ಒಂದು ಕೈಯಲ್ಲಿತ್ತು.

"ನಾಲ್ಕು ಒಂದು ಬೇಡ. ನಾನು ಎರಡು ಎರಡರಿಂದ ಶುರು ಮಾಡ್ತೀನಿ," ಎಂದ. "ಹೊರಡೋಣ್ವಾ?"

ಅವಳು ಬೀದಿಯ ಎರಡೂ ದಿಕ್ಕು ನೋಡಿದಳು. ಇನ್ನೂ ಯಾರೂ ಎದ್ದಿರಲಿಲ್ಲ.

"ನೀವು ಎಡಕ್ಕೆ ಹೋಗಿ," ಎಂದಳು. "ನಾನು ಬಲಕ್ಕೆ ಹೋಗ್ತೀನಿ. ಒಂದು ಗಂಟೆ ಆದ್ಮೇಲೆ ಸಿಗೋಣ."

ಅವನು ಏನೋ ಹೇಳಲು ಬಾಯಿ ತೆರೆದ, ಅವಳ ಮುಖ ನೋಡಿ ಮುಚ್ಚಿದ, ಎಡಕ್ಕೆ ಓಡಿದ.